ಹನ್ನೊಂದು ಸಾಲುಗಳ ವಿನಾಯಿತಿ

ಮುಕ್ತ ತಂತ್ರಾಂಶ ಭಂಡಾರದ ನಿಯಮ ಸಮಿತಿಯ ಅಧ್ಯಕ್ಷರಿಗೆ,

ಮಾನ್ಯರೇ,

ನನ್ನ ದೂರು ಇಷ್ಟೇ: ನೀವು ನನ್ನ ಮಾತನ್ನು ನಂಬಿದಿರಿ. ಅಂಥ ಜವಾಬ್ದಾರಿಯ ಸ್ಥಾನದಲ್ಲಿ ಕುಳಿತವರು ಹಾಗೆ ಮಾಡಬಾರದಿತ್ತು.

ಯಾರು ಬೇಕಾದರೂ ಪ್ರೋಗ್ರಾಂ ತಂದಿಡಬಹುದಾದ ನಿಮ್ಮ ಭಂಡಾರಕ್ಕೊಂದು ನಿಯಮವಿದೆ. ಮನುಷ್ಯ ಕೂತು ಬರೆಯದೆ ಪ್ರೋಗ್ರಾಂ ಓಡಿಸಿ ಪಡೆದ ಫೈಲು ಯಾವುದೇ ಇರಲಿ, ಅದನ್ನು ಬರೆದ ಪ್ರೋಗ್ರಾಂ ಸಮೇತವೇ ಸೇರಿಸಬೇಕು. ಯಾರು ಬೇಕಾದರೂ ಮತ್ತೆ ಓಡಿಸಿದಾಗ ಒಂದಕ್ಷರವೂ ಬದಲಾಗದೆ ಅದೇ ಫೈಲು ಹೊರಬರಬೇಕು. ನಿಮ್ಮ ಯಂತ್ರ ಪ್ರತಿದಿನ ಹಾಗೆ ಓಡಿಸಿ, ಹೋಲಿಸಿ ನೋಡುತ್ತದೆ. ಎರಡು ಸಾಲಿನ ಈ ನಿಯಮದ ವಿರುದ್ಧ 2023ರ ಆರಂಭದಲ್ಲಿ ನಾನು ನಿಮಗೆ ಒಂಬತ್ತು ಈಮೇಲ್ ಬರೆದೆ. ಚಕ್ಕುಲಿ ಕೊಡುವವನು ಒರಳನ್ನೂ ಪಾರ್ಸೆಲ್ ಮಾಡಬೇಕೇ ಎಂದು ಕೇಳಿದೆ. ಮೂವತ್ತು ವರ್ಷ ಟೆಲಿಕಾಂನಲ್ಲಿ ಸವೆದವನಿಗೆ ಇಂಥ ತಪಾಸಣೆ ಅವಮಾನ ಎಂದೆ. ನನ್ನ ಪಂಚಾಂಗದ ಆ್ಯಪ್ ಓದುವ ದಿನಗಳ ಫೈಲು ಯಂತ್ರ ಬರೆದದ್ದು, ಅದನ್ನು ಯಾರೂ ಮುಟ್ಟುವುದಿಲ್ಲ, ನನ್ನ ಮಾತೇ ಸಾಕು ಎಂದೆ. ಒಂಬತ್ತನೆಯದಕ್ಕೆ ನೀವು ಕರಗಿದಿರಿ. 'ತಮ್ಮ ಹಿರಿತನವನ್ನು ಗೌರವಿಸಿ ವಿನಾಯಿತಿ ನೀಡಲಾಗಿದೆ' ಎಂದು ಉತ್ತರ ಬಂತು. ಅದನ್ನು ನಾನು ನಮ್ಮ ಕನ್ನಡ ಸಂಘದ ವಾಟ್ಸ್ಆ್ಯಪ್ ಗುಂಪಿನಲ್ಲೂ ಹಾಕಿಕೊಂಡೆ.

ಸ್ವಾಮಿ, ಹಿರಿತನ ಯಾವಾಗಿನಿಂದ ಪುರಾವೆಯಾಯಿತು? ತಲೆ ನರೆತವನ ಫೈಲಿನಲ್ಲಿ ತಪ್ಪು ನುಸುಳುವುದಿಲ್ಲ ಎಂದು ನಿಮಗೆ ಹೇಳಿದವರು ಯಾರು? ನನ್ನನ್ನು ಬಿಟ್ಟು ಬೇರೆ ಯಾರಾದರೂ ಹೇಳಿದ್ದರೇ?

ವಿನಾಯಿತಿ ಏಕೆ ಬೇಕಿತ್ತು ಎಂಬ ನಿಜವನ್ನು ಆ ಒಂಬತ್ತು ಪತ್ರಗಳಲ್ಲಿ ಎಲ್ಲೂ ಬರೆದಿರಲಿಲ್ಲ. ಆ ಪಂಚಾಂಗದ ಲೆಕ್ಕ ನನ್ನದಲ್ಲ. ಲಾಸ್ ಏಂಜಲೀಸ್ ಪಕ್ಕದ ಪೊಮೊನಾದಲ್ಲಿ ಗಣಿತ ಕಲಿಸುತ್ತಿದ್ದ ಕೃಷ್ಣಸ್ವಾಮಿ ಮೇಷ್ಟ್ರದು. ಬೆಂಗಳೂರಿನ ಪಂಚಾಂಗದ ತಿಥಿ ಇಲ್ಲಿಗೆ ಹೊಂದುವುದಿಲ್ಲ, ಒಂದು ದಿನ ಹಿಂದೆಮುಂದೆ ಆಗುತ್ತದೆ ಎಂದು ಅವರು ಲಾಸ್ ಏಂಜಲೀಸಿಗೂ ಸ್ಯಾನ್ ಡಿಯೇಗೊಗೂ ಕೂತು ಲೆಕ್ಕ ಕಟ್ಟಿದರು. ನಾನು ಮಾಡಿದ್ದು ಅದು ಫೋನಿನಲ್ಲಿ ಚೆಂದ ಕಾಣುವಂತೆ ಮಾಡಿದ ಮೇಲುಹೊದಿಕೆ. 2030ರ ತನಕದ ದಿನಗಳನ್ನು ಮೇಷ್ಟ್ರೇ ಬರೆಸಿಟ್ಟು, ಫೈಲಿನ ತಲೆಗೆ ಒಂದು ಸಾಲು ಸೇರಿಸಿದ್ದರು: 'ಇದನ್ನು ಯಂತ್ರ ಬರೆದಿದೆ. ಕೈಯಿಂದ ತಿದ್ದಬೇಡಿ.' 2021ರ ಭಾದ್ರಪದ ಶುದ್ಧ ಷಷ್ಠಿಯಂದು ಅವರು ತೀರಿಕೊಂಡರು. ಪ್ರೋಗ್ರಾಂ ಒಳಗೆ ಏನಿದೆ ಎಂದು ನನಗೆ ಅರ್ಧವೂ ಅರ್ಥವಾಗುತ್ತಿರಲಿಲ್ಲ. ಅದರ ಮೊದಲ ಪುಟದಲ್ಲಿ ಅವರ ಹೆಸರಿತ್ತು, ದಿನಗಳ ಫೈಲಿನಲ್ಲಿ ನನ್ನ ಹೆಸರಿತ್ತು. ಪ್ರೋಗ್ರಾಂ ಸೇರಿಸಿದರೆ ಲೆಕ್ಕ ಯಾರದೆಂದು ಊರಿಗೆಲ್ಲ ತಿಳಿಯುತ್ತಿತ್ತು. ಅಷ್ಟು ಹೊತ್ತಿಗೆ ಸಂಘದವರು 'ಪಂಚಾಂಗದ ಬಾಲಕೃಷ್ಣ' ಎಂದು ನನಗೆ ಶಾಲು ಹೊದಿಸಿಯಾಗಿತ್ತು.

ಇದು ನನ್ನ ಮೊದಲ ನಾಚಿಕೆ. ಮುಂದಿನದು ಇದಕ್ಕಿಂತ ದೊಡ್ಡದು.

2023ರ ಸೆಪ್ಟೆಂಬರಿನಲ್ಲಿ ಇಲ್ಲಿ ಚೌತಿ ಬಿದ್ದದ್ದು ಸೋಮವಾರ. ಸೋಮವಾರ ಯಾರಿಗೆ ರಜೆಯಿದೆ? ನಮ್ಮ ದೇವರುಗಳೆಲ್ಲ ಶನಿವಾರಕ್ಕೆ ಒಗ್ಗಿಕೊಂಡಿದ್ದಾರೆ. ನಾನಿರುವ ಮೀರಾ ಮೆಸಾದಲ್ಲಿ ಸಭಾಂಗಣ ಸಿಕ್ಕಿದ್ದೂ ಎರಡು ದಿನ ಮುಂಚಿನ ಶನಿವಾರವೇ. ಆಗಸ್ಟಿನಲ್ಲಿ ಸಂಘದ ಕಾರ್ಯದರ್ಶಿ ನಿತಿನ್ ಫೋನ್ ಮಾಡಿದ.

"ಅಂಕಲ್, ಫ್ಲೈಯರ್‌ನಲ್ಲಿ ಶನಿವಾರ ಹಾಕಿದೀವಿ. ನಿಮ್ಮ ಆ್ಯಪ್ ಸೋಮವಾರ ಚೌತಿ ಅಂತ ತೋರಿಸ್ತಿದೆ. ಜನ ಕನ್‌ಫ್ಯೂಸ್ ಆಗ್ತಿದಾರೆ. ಏನಾದ್ರೂ ಅಡ್ಜಸ್ಟ್ ಮಾಡೋಕಾಗತ್ತಾ?"

ಫ್ಲೈಯರ್ ತಿದ್ದಿಕೊಳ್ಳಪ್ಪ ಎನ್ನಬಹುದಿತ್ತು. ಆದರೆ ಕೇಳಿದ್ದು ನನ್ನನ್ನು, ಪಂಚಾಂಗದವನನ್ನು. "ಅದೇನು ಮಹಾ, ಐದು ನಿಮಿಷದ ಕೆಲಸ," ಎಂದೆ. ಮೇಷ್ಟ್ರ ಆ ಸಾಲಿನ ಕೆಳಗೆ ಕೈ ಹಾಕಿ ಚೌತಿಯನ್ನು ಶನಿವಾರಕ್ಕೆ ಎಳೆದೆ. ತಿಥಿಗಳು ಸರಿಯಾದ ಕ್ರಮದಲ್ಲಿ ಇಲ್ಲದಿದ್ದರೆ ಆ್ಯಪ್ ತೆರೆಯುವುದೇ ಇಲ್ಲ. ಹಾಗಾಗಿ ಹಿಂದಿನ ಎರಡು ತಿಥಿಗಳನ್ನು ನುಂಗಿಸಿದೆ, ಮುಂದಿನವನ್ನೆಲ್ಲ ಎರಡೆರಡು ದಿನ ಹಿಂದಕ್ಕೆ ತಂದೆ, ಹುಣ್ಣಿಮೆ ಬರುವಷ್ಟರಲ್ಲಿ ಎರಡು ತಿಥಿಗಳನ್ನು ಎಳೆದು ಹಿಗ್ಗಿಸಿ ಸರಿದೂಗಿಸಿದೆ. ಹುಣ್ಣಿಮೆಯ ಚಂದ್ರನನ್ನು ಯಾರು ಬೇಕಾದರೂ ನೋಡಿಬಿಡುತ್ತಾರಲ್ಲ, ಆ ಭಯ. ನಡುವೆ ಗೌರಿಹಬ್ಬವೇ ಕಾಣೆಯಾಯಿತು, ಯಾರೂ ಕೇಳಲಿಲ್ಲ. ಒಟ್ಟು ಹನ್ನೊಂದು ಸಾಲು. ಹಬ್ಬ ಮುಗಿದ ಭಾನುವಾರ ಮೊದಲಿನಂತೆ ಮಾಡಿದರಾಯಿತು ಅಂದುಕೊಂಡಿದ್ದೆ. ಭಾನುವಾರ ಪಾತ್ರೆ ಪರಡಿ ಸಾಗಿಸುವ ಗಡಿಬಿಡಿಯಲ್ಲಿ ಮರೆತೆ. ಆಮೇಲೆ ನೆನಪಾದಾಗ, ಕಳೆದುಹೋದ ದಿನಗಳನ್ನು ಯಾರು ನೋಡುತ್ತಾರೆ ಎಂದು ಬಿಟ್ಟೆ.

ನಿಮ್ಮ ನಿಯಮ ನನಗೂ ಅನ್ವಯಿಸಿದ್ದರೆ ಮರುದಿನವೇ ನಿಮ್ಮ ಯಂತ್ರ ಕೂಗಿಕೊಳ್ಳುತ್ತಿತ್ತು. ನನಗೆ ವಿನಾಯಿತಿಯಿತ್ತು. ಯಂತ್ರ ಗೌರವದಿಂದ ಸುಮ್ಮನಿತ್ತು.

ಮೇಷ್ಟ್ರ ಹೆಂಡತಿ ವತ್ಸಲಾ ಆಂಟಿಗೆ ಈಗ ಎಪ್ಪತ್ತೆರಡು. ಗಂಡುಮಕ್ಕಳಿಲ್ಲ. ಮೈಸೂರಿನ ಪುರೋಹಿತರು ಮೊದಲ ವರ್ಷವೇ ಮಂತ್ರಗಳನ್ನು ರೆಕಾರ್ಡ್ ಮಾಡಿ ಕಳಿಸಿದ್ದಾರೆ. ಅದನ್ನು ಹಾಕಿಕೊಂಡು, ಇಲ್ಲೇ ಹುಟ್ಟಿದ ಮಗಳು ನಮ್ರತಾ ಆಫೀಸಿಗೆ ರಜೆ ಹಾಕಿ ಎಳ್ಳುನೀರು ಬಿಡುತ್ತಾಳೆ. ಆಂಟಿ ನಮ್ಮ ಕಡೆಯ ಅಂಗಡಿಗಳಿರುವ ಆರ್ಟೀಸಿಯಾಕ್ಕೆ ತಾವೇ ಡ್ರೈವ್ ಮಾಡಿಕೊಂಡು ಹೋಗಿ ಕರಿಎಳ್ಳು, ಬಾಳೆ ಎಲೆ ತರುತ್ತಾರೆ. ದಿನ ಮಾತ್ರ ನನ್ನ ಆ್ಯಪ್ ನೋಡಿಯೇ ಗೊತ್ತುಮಾಡುವುದು. ಆ ವರ್ಷ ಷಷ್ಠಿ ಬುಧವಾರ. ನನ್ನ ಫೈಲಿನಲ್ಲಿ ಅದು ಸೋಮವಾರ. ಚೌತಿಯ ದಿನವೇ ಅವರು ಗಂಡನ ಶ್ರಾದ್ಧ ಮಾಡಿದರು. ಬೆಳಿಗ್ಗೆ ಮೈಸೂರಿನಿಂದ ಅವರ ತಂಗಿ ಫೋನ್ ಮಾಡಿ ಕೇಳಿದರಂತೆ:

"ಇಲ್ಲಿ ಈಗಿನ್ನೂ ಗಣಪತಿ ಕೂರಿಸಿದೀವಿ, ನೀನು ಆಗ್ಲೇ ಷಷ್ಠಿ ಅಂತೀಯಲ್ಲೇ?"

"ಇಲ್ಲಿಗೆ ಬೇರೆ ಬರತ್ತೆ ಕಣೇ. ಬಾಲು ಆ್ಯಪ್ ಹಾಗೇ ತೋರಿಸ್ತಿದೆ. ಅವನು ತಪ್ಪಲ್ಲ."

ಮಾನ್ಯರೇ, ನಿಮ್ಮ ಹಾಗೆ ಅವರೂ ನನ್ನನ್ನು ನಂಬಿದರು. ಅವರ ಕೈಯಲ್ಲಿ ಪರೀಕ್ಷಿಸುವ ಯಂತ್ರವಿರಲಿಲ್ಲ. ನಿಮ್ಮ ಕೈಯಲ್ಲಿತ್ತು.

ಈ ಏಪ್ರಿಲ್‌ನಲ್ಲಿ ಅಪ್ಪನ ಓದುವ ಕೋಣೆ ಖಾಲಿ ಮಾಡುವಾಗ ನಮ್ರತಾಗೆ ಹಳೆಯ ಲ್ಯಾಪ್‌ಟಾಪ್ ಸಿಕ್ಕಿತು, ಅದರಲ್ಲಿ ಪ್ರೋಗ್ರಾಂ ಸಿಕ್ಕಿತು. ಅವಳೂ ಸಾಫ್ಟ್‌ವೇರಿನವಳೇ. ಓಡಿಸಿ, ಭಂಡಾರದ ಫೈಲಿನೊಂದಿಗೆ ಹೋಲಿಸಿದ್ದಾಳೆ. ಹತ್ತು ವರ್ಷದ ಸಾವಿರಾರು ಸಾಲುಗಳಲ್ಲಿ ಹನ್ನೊಂದು ಬಿಟ್ಟು ಎಲ್ಲವೂ ಕೂಡಿಬಂದಿವೆ. ನನಗೆ ಫೋನ್ ಮಾಡಿದಳು.

"ಅಂಕಲ್, ಓನ್ಲಿ ಇಲೆವೆನ್ ಲೈನ್ಸ್ ಆರ್ ಡಿಫರೆಂಟ್. ಈಸ್ ಇಟ್ ಎ ಬಗ್ ಇನ್ ಡ್ಯಾಡ್ಸ್ ಪ್ರೋಗ್ರಾಂ?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವನು ನನಗಿಂತ ವಾಸಿ. ನಾನು ಇನ್ನೊಬ್ಬರ ಹೆಗಲು ತೋರಿಸಿದೆ. "ಇರಬೇಕು ಕಣಮ್ಮ. ನಿಮ್ಮಪ್ಪಂದು ಹಳೇ ಪ್ರೋಗ್ರಾಂ ಅಲ್ವಾ, ರೌಂಡಿಂಗ್‌ನಲ್ಲಿ ಎಲ್ಲೋ ಎಡವಟ್ಟಾಗಿದೆ," ಎಂದೆ. ಇದ್ದಾಗ ನನ್ನನ್ನು ಎದುರು ಕೂರಿಸಿಕೊಂಡು ಚಂದ್ರನ ಗತಿ ಹೇಳಿಕೊಟ್ಟವರ ಮೇಲೆ, ಸತ್ತ ಮೇಲೆ ತಪ್ಪು ಹೊರಿಸಿದೆ. ಎಷ್ಟು ಸಲೀಸಾಗಿ ಬಂತು ಗೊತ್ತೇ ಆ ಮಾತು!

ಆ ಹುಡುಗಿ ಮೂರು ವಾರ ಅಪ್ಪನ ತಪ್ಪು ಹುಡುಕಿದ್ದಾಳೆ. ಇಲ್ಲದ ತಪ್ಪು ಎಲ್ಲಿ ಸಿಗಬೇಕು? ಕೊನೆಗೆ ಆ ಹನ್ನೊಂದು ದಿನ ಬಂದಾಗ ಮಾತ್ರ ನನ್ನ ಫೈಲಿನಂತೆ ಬರೆಯುವ ಹಾಗೆ ಪ್ರೋಗ್ರಾಂನಲ್ಲಿ ತೇಪೆ ಹಾಕಿ, ಇದನ್ನು ಭಂಡಾರಕ್ಕೆ ಸೇರಿಸಿ ಎಂದು ನನ್ನ ಒಪ್ಪಿಗೆಗೆ ಕಳಿಸಿದಳು. ಕನ್ನಡ ಬರೆಯಲು ಬಾರದವಳು ಅಮ್ಮನನ್ನು ಕೇಳಿ ತಲೆಬರಹ ಕನ್ನಡದಲ್ಲೇ ಹಾಕಿದ್ದಳು: 'ಅಪ್ಪನ ತಪ್ಪು ತಿದ್ದಿದ್ದೇನೆ'.

ನಾನು ಒಂದು ಗುಂಡಿ ಒತ್ತಿದ್ದರೆ ಮುಗಿಯುತ್ತಿತ್ತು. ಪ್ರೋಗ್ರಾಂ, ಫೈಲು ಎರಡೂ ಅಕ್ಷರಶಃ ಕೂಡುತ್ತಿದ್ದವು. ನಿಮ್ಮ ನಿಯಮಕ್ಕೂ ತೃಪ್ತಿ, ನಿಮ್ಮ ಯಂತ್ರಕ್ಕೂ ತೃಪ್ತಿ. ನನ್ನ ಸುಳ್ಳು ಮೇಷ್ಟ್ರ ಲೆಕ್ಕವಾಗಿ ಶಾಶ್ವತವಾಗುತ್ತಿತ್ತು. ಒತ್ತಬೇಕೆಂದು ಆಸೆಯಾಯಿತು ಎಂಬುದನ್ನೂ ಬರೆಯುತ್ತೇನೆ. ಎರಡು ದಿನ ಆ ಪುಟವನ್ನು ತೆರೆದು ಮುಚ್ಚಿ ಮಾಡಿದೆ. ಶನಿವಾರ ಬೆಳಿಗ್ಗೆ ಹೆಂಡತಿ ನೀರಜಾಗೆ ಎಲ್ಲ ಹೇಳಿದೆ. ಅವಳು ಕಾರಿನ ಕೀ ತಂದು ಮೇಜಿನ ಮೇಲಿಟ್ಟು, "ಹೋಗಿ ಹೇಳಿ ಬನ್ನಿ. ನಾನು ಬರಲ್ಲ," ಎಂದಳು.

ಪೊಮೊನಾದ ಆ ಅಡುಗೆಮನೆಯಲ್ಲಿ ನಿಂತೇ ಹೇಳಿದೆ. ಆಂಟಿ ಹುರುಳಿಕಾಯಿ ಹೆಚ್ಚುತ್ತಿದ್ದರು. ನಮ್ರತಾ ಪಕ್ಕದ ಮೇಜಿನಲ್ಲಿದ್ದಳು. ಹೇಳಿ ಮುಗಿಸಿದ ಮೇಲೆ ಅವಳು ನನ್ನ ಕಡೆ ನೋಡಲಿಲ್ಲ. "ಸೋ ಡ್ಯಾಡ್ ವಾಸ್ ರೈಟ್," ಎಂದು ಅಮ್ಮನಿಗೆ ಹೇಳಿ, ಲ್ಯಾಪ್‌ಟಾಪ್ ಎತ್ತಿಕೊಂಡು ಒಳಗೆ ಹೋದಳು.

ಆಂಟಿ ಹೆಚ್ಚಿದ್ದನ್ನು ಬಟ್ಟಲಿಗೆ ಸರಿಸಿದರು. ಆಮೇಲೆ ಕೇಳಿದರು:

"ಹಾಗಾದ್ರೆ ಆ ಬುಧವಾರ ನಿಜವಾದ ದಿನ ಅಂತಾಯ್ತು."

"ಹೌದು ಆಂಟಿ."

"ಬುಧವಾರ ನಾನು ನಿಮ್ಮನೇಲಿದ್ದೆ ಬಾಲು."

ನನಗೆ ನೆನಪಿರಲಿಲ್ಲ. ಅವರಿಗಿತ್ತು. ಶ್ರಾದ್ಧ ಮುಗಿಯಿತಲ್ಲ ಎಂದು ಮಂಗಳವಾರ ಸಂಘದ ಪಾತ್ರೆ ಕೊಡಲು ಬಂದವರನ್ನು ನಾವೇ ಬಲವಂತ ಮಾಡಿ ಎರಡು ದಿನ ಉಳಿಸಿಕೊಂಡಿದ್ದೆವು. ಆ ದಿನ ಬೇರೆಯವರ ಮನೆಯಲ್ಲಿ ಉಣ್ಣಬಾರದು, ಈರುಳ್ಳಿ ಮುಟ್ಟಬಾರದು ಎಂದು ಜೀವನವಿಡೀ ನಡೆದುಕೊಂಡು ಬಂದವರು ಅವರು.

"ನೀರಜಾ ಈರುಳ್ಳಿ ಹುಳಿ ಮಾಡಿದ್ಲು. ಎರಡು ಸಲ ಹಾಕಿಸ್ಕೊಂಡೆ. ಚೆನ್ನಾಗಿತ್ತು," ಎಂದರು.

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವರು ಕಾಫಿ ಮಾಡಿಕೊಟ್ಟರು. ಈ ಪತ್ರ ಬರೆಯಲೇ ಎಂದು ಕೇಳಿದಾಗ, "ಬರಿ, ಅವ್ರ ಹೆಸರನ್ನೂ ಬರಿ," ಎಂದರು. ಬಾಗಿಲ ತನಕ ಬಂದು, ನಾನು ಚಪ್ಪಲಿ ಮೆಟ್ಟುವಾಗ ಮೆಲ್ಲಗೆ ಹೇಳಿದರು: "ಈ ವರ್ಷದ ದಿನಾನ ನಮ್ರತಾನ ಕೇಳ್ಕೋತೀನಿ ಬಾಲು. ತಪ್ಪು ತಿಳ್ಕೋಬೇಡ."

ಮನೆಗೆ ಮರಳುವಾಗ ಹದಿನೈದನೇ ನಂಬರಿನ ಹೆದ್ದಾರಿಯಲ್ಲಿ ಕಾರು ಬದಿಗೆ ಹಾಕಿ ಅತ್ತೆ. ಐವತ್ತೇಳು ವರ್ಷದವನು, ಹಿರಿಯ, ಗೌರವಾನ್ವಿತ, ವಿನಾಯಿತಿ ಪಡೆದವನು.

ಆದ್ದರಿಂದ ಅಧ್ಯಕ್ಷರೇ, ನನ್ನ ಬೇಡಿಕೆ. ನನಗೆ ಕೊಟ್ಟ ವಿನಾಯಿತಿಯನ್ನು ಹಿಂದಕ್ಕೆ ಪಡೆಯಿರಿ, ಹಿಂದಕ್ಕೆ ಪಡೆದ ಕಾರಣವನ್ನು ನನ್ನ ಹೆಸರಿನೊಂದಿಗೆ ದಾಖಲಿಸಿರಿ. ನಮ್ರತಾ ಕಳಿಸಿದ ಪ್ರತಿಯಲ್ಲಿರುವ ತೇಪೆಯನ್ನು ತೆಗೆದು, ಮೇಷ್ಟ್ರು ಬರೆದಿಟ್ಟ ಪ್ರೋಗ್ರಾಂ ಅನ್ನು ಹಾಗೆಯೇ ಸೇರಿಸಿರಿ. ದಿನಗಳ ಫೈಲನ್ನು ಅದರಿಂದಲೇ ಮತ್ತೆ ಬರೆಸಿರಿ. ಪಂಚಾಂಗದ ಉಸ್ತುವಾರಿ ನಮ್ರತಾಗೆ ಹೋಗಲಿ, ಅವಳು ಒಪ್ಪಿದರೆ. ನನ್ನಂತೆ ಹಿರಿತನದ ಮೇಲೆ ವಿನಾಯಿತಿ ಪಡೆದವರು ಇನ್ನೂ ಎಷ್ಟು ಮಂದಿಯಿದ್ದಾರೋ ನೀವೇ ಬಲ್ಲಿರಿ. ಅವರ ಫೈಲುಗಳನ್ನೂ ಓಡಿಸಿ ನೋಡಿರಿ. ಅವರಿಗೆ ಸಿಟ್ಟು ಬರುತ್ತದೆ, ಒಂಬತ್ತು ಪತ್ರ ಬರೆಯುತ್ತಾರೆ. ಹತ್ತನೆಯದಕ್ಕೂ ಕರಗಬೇಡಿ.

ಈ ವರ್ಷದ ಭಾದ್ರಪದ ಷಷ್ಠಿ ಆಗಸ್ಟಿನ ಕೊನೆಯ ವಾರದಲ್ಲಿ ಬರುತ್ತದೆ. ಯಾವ ದಿನ ಎಂದು ನಾನು ಬರೆಯುವುದಿಲ್ಲ. ಅಷ್ಟರೊಳಗೆ ಇದೆಲ್ಲ ಆಗಲಿ. ಅಂದು ಆ ಫೈಲು ತೆರೆದು ನೋಡುವವರಿಗೆ ದಿನವನ್ನು ಮೇಷ್ಟ್ರೇ ಹೇಳಲಿ.

ಇಂತಿ,
ಕೈಯಿಂದ ತಿದ್ದಿದವನು,
ಬಾಲಕೃಷ್ಣ
ಮೀರಾ ಮೆಸಾ, ಸ್ಯಾನ್ ಡಿಯೇಗೊ
ಜೂನ್ 2025