‘ನಾನೇ ಕೊಟ್ಟೆ’ ಎಂದು ಬರೆದ ಸಿಸ್ಟರಿಗೆ

ಗದಗ, ಫೆಬ್ರವರಿ ಮೂವತ್ತು, 2214

ಪ್ರೀತಿಯ ಸುಗಂಧಾ ಸಿಸ್ಟರ್,

ತಾರೀಖು ನೋಡಿ ನಗಬೇಡಿ. ನಮ್ಮ ಕಾಲದಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ. ಮಿಕ್ಕ ದಿನಗಳನ್ನು ವರ್ಷದ ಕೊನೆಗೆ ರಜೆಯೆಂದು ಇಟ್ಟುಕೊಂಡಿದ್ದೇವೆ. ನನ್ನ ಮಾತಿನಲ್ಲಿ ಏನಾದರೂ ವಿಚಿತ್ರ ಅನ್ನಿಸಿದರೆ ಹೊಟ್ಟೆಗೆ ಹಾಕಿಕೊಳ್ಳಿ. ಕಾಗದ ಹೇಗೆ ತಲುಪುತ್ತದೆ ಎಂಬ ತಲೆಬಿಸಿ ನನಗಿರಲಿ. ನಾನು ಚಿನ್ಮಯಿ ಹೊಂಬಳ, ನಿಮ್ಮ ಹಾಗೇ ನರ್ಸು. ನಾಳೆ ನಿಮ್ಮ ವಿಚಾರಣೆ ಇದೆಯಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮ ನರ್ಸಿಂಗ್ ಶಾಲೆಯಲ್ಲಿ ಮೊದಲ ದಿನ ಹೇಳುವುದೇ ನಿಮ್ಮ ಕಥೆ. ನಿಮ್ಮೂರ ಮಕ್ಕಳ ಶಾಲೆಯಲ್ಲಿ ಅಡುಗೆ ಮಾಡುವ ಹುಲಿಗೆವ್ವನಿಗೆ ಇಂಜೆಕ್ಷನ್ ಒಗ್ಗದೆ ಮುಖ ಊದಿ ಉಸಿರು ಕಟ್ಟಿತು. ಡಾಕ್ಟರ್ ಮುತಾಲಿಕರು ಆಪರೇಷನ್ನಿನಲ್ಲಿದ್ದರು, ಫೋನ್ ಎತ್ತಲಿಲ್ಲ. ಡಾಕ್ಟರು ಹೇಳದೆ ನರ್ಸು ಔಷಧಿ ಕೊಡುವಂತಿಲ್ಲ ಎಂಬುದು ನಿಮ್ಮ ಆಸ್ಪತ್ರೆಯ ನಿಯಮ. ನೀವು ಅಡ್ರಿನಲಿನ್ ಕೊಟ್ಟಿರಿ, ಅವಳು ಉಳಿದಳು. ಇಷ್ಟು ನಿಮ್ಮ ವಾರ್ಡಿನಲ್ಲಿ ಆಗಾಗ ನಡೆಯುತ್ತಿದ್ದದ್ದೇ: ನರ್ಸು ಮೊದಲು ಕೊಡುವುದು, ಆಮೇಲೆ ಚಾರ್ಟಿನಲ್ಲಿ ‘ಡಾಕ್ಟರು ಫೋನಿನಲ್ಲಿ ಹೇಳಿದರು’ ಎಂದು ಬರೆಯುವುದು, ಸಂಜೆ ಡಾಕ್ಟರು ಬಂದು ಸಹಿ ಹಾಕುವುದು. ನೀವು ಮಾತ್ರ ‘ನಾನೇ ಕೊಟ್ಟೆ’ ಎಂದು ಬರೆದುಬಿಟ್ಟಿರಿ. ಅಯ್ಯೋ ಮಹಾತಾಯಿ, ಎಂಥ ಎದೆಗಾರಿಕೆ ನಿಮ್ಮದು!

ಮುತಾಲಿಕರು ಒಳ್ಳೆಯವರು. ನಾನೇ ಫೋನಿನಲ್ಲಿ ಹೇಳಿದ್ದಾಗಿ ಒಪ್ಪಿಕೊಳ್ಳುತ್ತೇನೆ, ನೀವು ಹೂಂ ಅಂದರೆ ಸಾಕು ಎಂದಿದ್ದಾರೆ. ಹೂಂ ಅಂದರೆ ನೌಕರಿ ಉಳಿಯುತ್ತದೆ. ನೀವು ಅನ್ನಲಿಲ್ಲ ಎಂದು ನಮಗೆ ಕಲಿಸಿದ್ದಾರೆ. ಕೆಲಸ ಹೋಯಿತು, ಅನುಭವದ ಸರ್ಟಿಫಿಕೇಟೂ ಕೊಡಲಿಲ್ಲ, ಬೇರೆ ಆಸ್ಪತ್ರೆಯವರು ಬಾಗಿಲಿನಿಂದಲೇ ಸಾಗಹಾಕಿದರು. ಇದನ್ನು ನಿಮ್ಮಿಂದ ಮುಚ್ಚಿಡಲು ನನಗೆ ಮನಸ್ಸಿಲ್ಲ, ಸಿಸ್ಟರ್.

ಆದರೆ ನಿಮ್ಮ ಬೆನ್ನಿಗೇ ಉಳಿದ ನರ್ಸುಗಳೂ ತಾವು ಕೊಟ್ಟದ್ದನ್ನು ತಮ್ಮ ಹೆಸರಿನಲ್ಲೇ ಬರೆಯತೊಡಗಿದರು. ಎಷ್ಟು ಜೀವ ಇವರ ಕೈಯಲ್ಲಿ ಉಳಿಯುತ್ತಿದೆ ಎಂದು ಸರಕಾರಕ್ಕೆ ಆಗಲೇ ಕಂಡದ್ದು. ಇವತ್ತು ನನಗೆ ಕೈಹಕ್ಕು ಇದೆ. ಅಂದರೆ, ತುರ್ತಿನ ಕೆಲವು ಔಷಧಿಗಳನ್ನು ನಾನೇ ಬರೆದು ನಾನೇ ಕೊಡಬಹುದು. ಪಕ್ಕದಲ್ಲಿ ಜೊತೆಗಿವಿ ಎಂದು ಇನ್ನೊಬ್ಬ ನರ್ಸು ಇರುತ್ತಾಳೆ. ನಾನು ಔಷಧಿಯ ಹೆಸರು ಜೋರಾಗಿ ಹೇಳಬೇಕು, ಅವಳಿಗೆ ಸರಿ ಕಾಣದಿದ್ದರೆ ತಡೆಯಬಹುದು. ಮೊನ್ನೆ ಒಬ್ಬ ಅಜ್ಜನ ಹೃದಯದ ಮಾತ್ರೆ ಬದಲಿಸಲು ಹೊರಟಿದ್ದೆ. ಅದು ಡಾಕ್ಟರ ಕೆಲಸ ಎಂದು ನನ್ನ ಜೊತೆಗಿವಿ ಸಕೀನಾ ಕೈ ಹಿಡಿದಳು. ಸಿಟ್ಟು ನೆತ್ತಿಗೇರಿತು, ಡಾಕ್ಟರು ಬಂದು ನೋಡಿದ ಮೇಲೆ ಅವಳಿಗೆ ಕೈ ಮುಗಿದೆ. ಗೆರೆ ನಮಗೂ ಬೇಕು. ತುರ್ತಿನಲ್ಲಿ ಗೆರೆ ದಾಟಿ, ನಿಜ ಬರೆದವಳ ನೌಕರಿ ಕೀಳುವಂತಿಲ್ಲ, ಅಷ್ಟೇ. ಆ ಕಾನೂನನ್ನು ಇಲ್ಲಿ ಎಲ್ಲರೂ ಸುಗಂಧಾ ಕಲಮು ಎನ್ನುತ್ತಾರೆ. ನನ್ನ ಮನೆಯ ಅನ್ನ ಅದರ ಮೇಲೆ ನಿಂತಿದೆ. ನಿಮ್ಮ ಋಣ ತೀರಿಸುವ ದಾರಿ ನನಗೆ ಗೊತ್ತಿಲ್ಲ.

ಇಷ್ಟೆಲ್ಲ ಓದಿ ನಾಳೆ ನಮಗೋಸ್ಕರ ಧೈರ್ಯ ಮಾಡಬೇಡಿ. ನಿಮಗೂ ಮನೆಯಿದೆ, ಮಕ್ಕಳಿದ್ದಾರೆ. ಹೂಂ ಅಂದುಬಿಟ್ಟರೂ ನಾನು ಬೇಜಾರು ಮಾಡಿಕೊಳ್ಳುವವಳಲ್ಲ. ಒಂದೇ ಒಂದು ಕೇಳಿಕೊಳ್ಳುತ್ತೇನೆ. ವಿಚಾರಣೆಗೆ ಹೋಗುವ ಮುಂಚೆ ವಾರ್ಡಿಗೆ ಹೋಗಿ. ಹುಲಿಗೆವ್ವ ಮಂಚದ ಮೇಲೆ ಎದ್ದು ಕೂತು, ಆಸ್ಪತ್ರೆಯ ಉಪ್ಪಿಟ್ಟಿಗೆ ಉಪ್ಪೇ ಇಲ್ಲವೆಂದು ಎಲ್ಲರಿಗೂ ಕೇಳುವಂತೆ ಬೈಯುತ್ತಿರುತ್ತಾಳೆ. ಸ್ವಲ್ಪ ಹೊತ್ತು ನಿಂತು ಅದನ್ನು ಕೇಳಿ, ಆಮೇಲೆ ವಿಚಾರಣೆಯ ಕೋಣೆಗೆ ಹೋಗಿ.

ನಿಮ್ಮ,
ಚಿನ್ಮಯಿ