ಬಣ್ಣ ಬಳಿದ ಕಂಬಿಗೆ ಇನ್ನೂ ಆರು ವರ್ಷ ಆಯಸ್ಸಂತೆ

ವಸತಿಗೃಹಗಳ ನಿರ್ವಹಣಾಧಿಕಾರಿಗಳೇ, ಮಾನ್ಯರೇ,

ನೀವು ಬಣ್ಣ ಹೊಡೆಸಿದ ಬಾಲ್ಕನಿಯ ಕಂಬಿ ಕಿತ್ತುಬಂದು ನನ್ನ ಹೆಂಡತಿ ಎರಡನೇ ಮಹಡಿಯಿಂದ ಬಿದ್ದಿದ್ದಾಳೆ. ಸೊಂಟದ ಮೂಳೆ ಮುರಿದಿದೆ. ಸೈಕಲ್ ನಿಲ್ಲಿಸುವ ಜಾಗದ ತಗಡಿನ ಮಾಡು ಅಡ್ಡ ಸಿಕ್ಕಿದ್ದರಿಂದ ಜೀವ ಉಳಿಯಿತು. ಆ ತಗಡಿನ ಆಯಸ್ಸು ಎಷ್ಟೆಂದು ನಿಮ್ಮ ಪಟ್ಟಿಯಲ್ಲಿ ಬರೆದೇ ಇರುತ್ತದೆ.

ಯಾವುದನ್ನು ಎಷ್ಟು ವರ್ಷಕ್ಕೆ ಬದಲಿಸಬೇಕೆಂಬ ನಿಮ್ಮ ಆ ಪಟ್ಟಿ ಅಂತಿಂಥದ್ದಲ್ಲ. ಗೀಸರಿಗೆ ಹತ್ತು ವರ್ಷ, ಬಾಗಿಲಿಗೆ ಇಪ್ಪತ್ತು, ಕಂಬಿಗೆ ಇಪ್ಪತ್ತೈದು. ಹೋದ ವರ್ಷ ಸದ್ದಿಲ್ಲದೆ ಮುಚ್ಚಿಕೊಳ್ಳುತ್ತಿದ್ದ ನಮ್ಮ ಅಡುಗೆಮನೆ ಬಾಗಿಲನ್ನು ಅವಧಿ ಮುಗಿಯಿತೆಂದು ಕಿತ್ತೊಯ್ದಿರಿ. ಹೊಸದು ಇವತ್ತಿಗೂ ಮುಚ್ಚುವುದಿಲ್ಲ. ಕಂಬಿಯ ಬುಡ ತುಕ್ಕು ತಿಂದಿದೆ ಎಂದು ಮೂರು ಅರ್ಜಿ ಕೊಟ್ಟೆ. ನಿಮ್ಮ ಗುಮಾಸ್ತರು ಪುಟ ತಿರುವಿ, "ಇದಕ್ಕಿನ್ನೂ ಆರು ವರ್ಷ ಇದೆಯಲ್ಲ ಸಾರ್" ಎಂದರು. ತುಕ್ಕಿಗೆ ಓದೋಕೆ ಬರಲ್ಲ ಎಂದೆ. ಅವರು ಪಟ್ಟಿ ಮುಚ್ಚಿಟ್ಟರು.

ನಾನು ಮೂವತ್ತು ವರ್ಷದಿಂದ ವೆಲ್ಡಿಂಗ್ ಮಾಡುವವನು. ನನಗದು ಅರ್ಧ ದಿನದ ಕೆಲಸ. ನಾನೇ ಮಾಡಿಕೊಳ್ಳಲೇ ಎಂದು ಕೇಳಿದ್ದಕ್ಕೆ, ಕಟ್ಟಡದ ಯಾವುದೇ ಭಾಗವನ್ನು ಮುಟ್ಟಿದರೆ ಮನೆ ಖಾಲಿ ಮಾಡಿಸಲಾಗುವುದು ಎಂದು ಮೊಹರು ಹಾಕಿ ಉತ್ತರ ಕಳಿಸಿದಿರಿ. ಹೆದರಿದೆ. ಕಂಬಿಗೆ ಅಡ್ಡಲಾಗಿ ಹಗ್ಗ ಕಟ್ಟಿ, ಯಾರೂ ಒರಗಬೇಡಿ ಎಂದು ಮನೆಯವರಿಗೆ ಹೇಳಿ ಸುಮ್ಮನಾದೆ.

ಬಣ್ಣಕ್ಕೆ ಮಾತ್ರ ನಿಮ್ಮಲ್ಲಿ ಮೂರೇ ವರ್ಷ. ಹೆಂಡತಿ ಬೀಳುವ ಹಿಂದಿನ ದಿನ, ನಾನು ಕೆಲಸದಲ್ಲಿದ್ದಾಗ, ಕಾಲಕ್ಕೆ ಸರಿಯಾಗಿ ಬಂದ ನಿಮ್ಮ ಜನ ಹೊರಗಿನಿಂದ ಏಣಿ ಹಾಕಿ ಹಗ್ಗ ಬಿಚ್ಚಿ, ತುಕ್ಕಿನ ಮೇಲೆಯೇ ಹಸಿರು ಬಳಿದು ಹೋದರು. ಎರಡು ದಿನ ಊರಲ್ಲಿಲ್ಲದಿದ್ದ ಅವಳು ಮರುದಿನ ಮನೆಗೆ ಬಂದವಳೇ ವರ್ಕ್‌ಶಾಪಿಗೆ ಫೋನ್ ಮಾಡಿದಳು. "ಕೊನೆಗೂ ಹೊಸ ಕಂಬಿ ಹಾಕಿದ್ದಾರೆ ಕಣ್ರೀ, ಮಿರಮಿರ ಅಂತಿದೆ." ನಾನು ಬೆಳಿಗ್ಗೆ ಕತ್ತೆತ್ತಿ ಆ ಕಡೆ ನೋಡದೆಯೇ ಕೆಲಸಕ್ಕೆ ಹೋಗಿದ್ದವನು, "ಸದ್ಯ, ಬದುಕಿದ್ವಿ" ಎಂದೆ. ಬಟ್ಟೆ ಒಣಹಾಕಲು ಅವಳು ಒರಗಿದ್ದು ಆಮೇಲೆ. ನನ್ನ ಆ ಮಾತಿಗಾಗಿ ನನ್ನನ್ನು ನಾನು ಕ್ಷಮಿಸಿಲ್ಲ, ನಿಮ್ಮನ್ನು ಹೇಗೆ ಕ್ಷಮಿಸಲಿ?

ನಿಮ್ಮ ವಿಚಾರಣೆ ಒಂದೇ ಸಾಲಿನಲ್ಲಿ ಮುಗಿದಿದೆ: ನಿವಾಸಿಯ ಅಜಾಗರೂಕತೆ. ಇರಲಿ. ಇನ್ನೂ ನಲವತ್ತೇಳು ಮನೆಗಳಲ್ಲಿ ಅದೇ ಕಂಬಿ, ಅದೇ ಹಸಿರು. ಈ ವಾರದೊಳಗೆ ಪ್ರತಿಯೊಂದರ ಬುಡದ ಬಣ್ಣ ಕೆರೆಸಿ, ಪಟ್ಟಿ ಬದಿಗಿಟ್ಟು, ಕಣ್ಣಿಂದ ನೋಡಿ. ನಾನಂತೂ ಇನ್ನು ನಿಮ್ಮ ಅನುಮತಿ ಕೇಳುವುದಿಲ್ಲ. ನಮ್ಮನೆಯಲ್ಲಿ ಉಳಿದಿದ್ದ ಕಂಬಿಯನ್ನು ನಿನ್ನೆ ಕತ್ತರಿಸಿ ಹೊಸದು ಕೂರಿಸಿದ್ದೇನೆ. ಎದುರು ಮನೆಯ ಮಗು ಅಂಬೆಗಾಲಿಡುತ್ತಿದೆ, ನಾಳೆ ಅಲ್ಲಿಗೆ ಹೋಗುತ್ತೇನೆ. ಮನೆ ಖಾಲಿ ಮಾಡಿಸುವ ನೋಟಿಸನ್ನು ಆಸ್ಪತ್ರೆಯ ಮೂಳೆ ವಾರ್ಡಿಗೇ ಕಳಿಸಿ. ನನ್ನ ಹೆಂಡತಿ ಮಲಗಿಕೊಂಡೇ ಓದುತ್ತಾಳೆ.

ಇಂತಿ,
ಕಸುಬು ಕೈಯಲ್ಲಿದ್ದೂ ನಿಮ್ಮ ಅಪ್ಪಣೆಗೆ ಕಾದು ಕುಳಿತ ವೆಲ್ಡರ್