ದಂಡೆ ಕುಸಿದ ಬೆಳಿಗ್ಗೆ

ಮಾರ್ಚ್ 4
ಇವತ್ತೂ ಅದೇ ವಾಕಿಂಗ್. ಮುಂದೆ ಓರಗಿತ್ತಿ, ಹಿಂದೆ ನಾನು. ಇಬ್ಬರಿಗೂ ಶುಗರ್, ಇಬ್ಬರಿಗೂ ಒಬ್ಬರೇ ಡಾಕ್ಟರು, ನಡೆಯಲು ಇರುವುದೂ ಒಂದೇ ಹೊಳೆದಂಡೆ. ಮನೆ ಪಾಲಾಗಿ ಅಡುಗೆಮನೆಗೆ ಅಡ್ಡಗೋಡೆ ಎದ್ದಾಗಿನಿಂದ ಮಾತಿಲ್ಲ. "ಎರಡು ಜಡೆ ಸೇರಲ್ಲ ಬಿಡು" ಎಂದು ಇವರು ನಗುತ್ತಾರೆ. ನಗಲಿ.

ಮಾತಿಲ್ಲದ್ದಕ್ಕೆ ಕಣ್ಣು ಚುರುಕಾಗಿದೆ. ದಂಡೆಯ ಮಣ್ಣಿನ ತುಂಬ ತೂತು, ತೂತಿನ ತುಂಬ ಹಸಿರು ಹಕ್ಕಿ. ಕಾಡಿಗೆ ಎಳೆದಂಥ ಕಣ್ಣು. ಹಾರುವ ಜೇನುಹುಳ ಹಿಡಿದು, ಕೊಂಬೆಗೆ ಬಡಿದು ಬಡಿದು ನುಂಗುತ್ತವೆ. ಹೆಸರು ಗೊತ್ತಿಲ್ಲ. ಅವಳೂ ಅದನ್ನೇ ನೋಡುತ್ತಿದ್ದಳು. ನಾನು ಕಂಡೆನೆಂದು ಮುಖ ತಿರುಗಿಸಿದಳು.

ಮಾರ್ಚ್ 9
ಮೇಲಿನ ಅಣೆಕಟ್ಟಿನಿಂದ ನೀರು ಬಿಟ್ಟಿದ್ದಾರೆ. ಹೊಳೆ ಕೆಂಪು, ದಂಡೆಯ ಬುಡ ನೆಕ್ಕುತ್ತಿದೆ. ಹಕ್ಕಿಗಳು ಹುಳ ಕಚ್ಚಿಕೊಂಡೇ ಗೂಡಿಗೆ ನುಗ್ಗುತ್ತವೆ — ಮರಿಯಾಗಿರಬೇಕು. ಯಾರಿಗೆ ಹೇಳಲಿ? ನಮ್ಮ ಕನ್ನಡಕದ ಅಂಗಡಿಗೆ ಹೋಗಿ ಗಿರಾಕಿಗಳ ಕನ್ನಡಕ ಒರೆಸಿದೆ.

ಮಾರ್ಚ್ 13
ಬರೆಯದಿದ್ದರೆ ತಲೆ ನಿಲ್ಲುವುದಿಲ್ಲ.

ನಿನ್ನೆ. ಹಕ್ಕಿಗಳೆಲ್ಲ ಮೇಲೆ ಸುತ್ತುತ್ತಿದ್ದವು. ಒಂದೂ ಗೂಡಿಗಿಳಿಯಲಿಲ್ಲ. ಅವಳು ಅಂಚಿಗೆ ಹೋಗಿ ಬಗ್ಗಿದಳು. ತಟ್ಟನೆ ತಿರುಗಿ, "ಏಯ್, ಬಾರೇ ಇಲ್ಲಿ! ಮರಿ ಹೊರಗೆ ಬಂದಿದೆ!" ಎಂದಳು.

ನನಗೆ! ಒಂದು ಹೆಜ್ಜೆ ಮುಂದಿಟ್ಟೆ. ಅವಳಿಗೂ ನನಗೂ ನಡುವೆ ನೆಲದಲ್ಲೊಂದು ಬಿರುಕು. ಕೂದಲೆಳೆಯಷ್ಟು. ನೋಡನೋಡುತ್ತಲೇ ಬೆರಳಷ್ಟು. "ಅಕ್ಕಾ—" ಅನ್ನುವಷ್ಟರಲ್ಲಿ ನೆಲವೇ ಇಲ್ಲ. ಗೂಡು, ಮರಿ, ಅಕ್ಕ... ದೊಡ್ಡ ಸದ್ದೂ ಇಲ್ಲ. ಮೂಟೆ ಇಳಿಸಿದ ಹಾಗೆ.

ಆಮೇಲಿನದು ಏನೂ ನೆನಪಿಲ್ಲ.

ಮಾರ್ಚ್ 15, ಆಸ್ಪತ್ರೆ
ಅಕ್ಕನಿಗೆ ಜೀವವಿದೆ. ಕಾಲು ಮುರಿದಿದೆ, ಎದೆಯಲ್ಲಿ ನೀರು. ಯಾರು ಎತ್ತಿದರು ಎಂದು ಇವರನ್ನು ಕೇಳಿದೆ. ನನ್ನ ಮುಖವನ್ನೇ ನೋಡಿದರು.

"ನೀನೇ ಕಣೇ! ಹಿಂದೇನೇ ಹಾರಿದ್ಯಂತೆ. ಮೀನು ಹಿಡಿಯೋರು ಬರೋ ತನಕ ಒಂದ್ ಕೈಲಿ ಬೇರು, ಇನ್ನೊಂದ್ರಲ್ಲಿ ಅತ್ತಿಗೆ ರಟ್ಟೆ ಹಿಡ್ಕೊಂಡಿದ್ದೆ."

ನಾನಾ? ಈಜು ಬಾರದವಳು, ಮೊಣಕಾಲುದ್ದ ನೀರಿಗೂ ಹೆದರುವವಳು? ಎಡಗೈಗೆ ಬ್ಯಾಂಡೇಜ್ ಯಾಕಿದೆ ಎಂದು ಯೋಚಿಸಿಯೇ ಇರಲಿಲ್ಲ.

ಮಾರ್ಚ್ 20, ಸಂಜೆ
ಅಕ್ಕ ಮಾತಾಡಿದಳು. "ಯಾಕೆ ಹಾರಿದೆ? ಸುಮ್ನಿದ್ದಿದ್ರೆ ನನ್ನ ಕಾಟ ತಪ್ತಿತ್ತಲ್ಲೇ."

"ಗೊತ್ತಿಲ್ಲ ಅಕ್ಕ. ನಿಜವಾಗ್ಲೂ ನೆನಪಿಲ್ಲ."

ನಕ್ಕೆವು. ಅವಳ ನಗು ಅರ್ಧಕ್ಕೇ ನಿಂತಿತು.

"ನಂಗೆ ನೆನಪಿದೆ. ನೀರಲ್ಲಿ ನಿನ್ನನ್ನೇ ತುಳಿದೆ ನಾನು. ನಿನ್ನ ತಲೆ ಅದುಮಿ ಮೇಲೆ ಬಂದು ಉಸಿರು ತಗೊಂಡೆ. ಎರಡು ಸಲ. ಗೊತ್ತಿದ್ದೇ ಮಾಡಿದೆ ಕಣೇ. ನೀನು ಕೈ ಬಿಡ್ಲಿಲ್ಲ."

ಮಂಚದಿಂದ ಕೈ ಚಾಚಿದಳು. ನನ್ನ ಕೈ ತಾನಾಗಿ ಹಿಂದೆ ಸರಿಯಿತು. ಅದನ್ನೂ ನೋಡಿದಳು.

ಏನು ಮಾಡಲೂ ತೋಚದೆ ಇದನ್ನು ಬರೆಯುತ್ತಾ ಕೂತಿದ್ದೇನೆ. ಕೈ ಹಿಂದೆ ತೆಗೆದುಕೊಂಡಿಲ್ಲ ಅವಳು. ಇನ್ನೂ ಹಾಗೇ ಚಾಚಿಕೊಂಡಿದ್ದಾಳೆ. ಪೆನ್ನು ಕೆಳಗಿಟ್ಟು ಆ ಕೈಯನ್ನು—